ಸರ್ಟಿಫಿಕೇಟ್ ಬೇಡ, ಸೆಮಿಸ್ಟರ್ ಕೊಡಿ

ಗೆ,
ಮಾನ್ಯ ಉನ್ನತ ಶಿಕ್ಷಣ ಸಚಿವರು,
ಮಾನ್ಯ ಕೌಶಲ್ಯಾಭಿವೃದ್ಧಿ ಸಚಿವರು,
ಬೆಂಗಳೂರು ಹಾಗೂ ಸುತ್ತಲಿನ ಜಿಲ್ಲೆಗಳ ರಾಜ್ಯ ವಿಶ್ವವಿದ್ಯಾಲಯಗಳ ಕುಲಪತಿಗಳು

ವಿಷಯ: ಪದವಿಯೊಳಗೆ ವೃತ್ತಿ ತರಬೇತಿಗೆ ಒಂದು ಇಡೀ ಸೆಮಿಸ್ಟರ್ ಒಟ್ಟಿಗೆ ಮೀಸಲಿಡುವ ಕುರಿತು

ಮಾನ್ಯರೇ,

ಕೆ.ಆರ್. ಸರ್ಕಲ್ಲಿನ ಸುತ್ತ ಒಂದು ನಡಿಗೆಯಷ್ಟು ದೂರದೊಳಗೆ ಸೆಂಟ್ರಲ್ ಕಾಲೇಜಿನ ಆವರಣವಿದೆ, 1917ರಲ್ಲಿ ವಿಶ್ವೇಶ್ವರಯ್ಯನವರು ಆರಂಭಿಸಿದ ಇಂಜಿನಿಯರಿಂಗ್ ಕಾಲೇಜಿದೆ, ಎಸ್.ಜೆ. ಪಾಲಿಟೆಕ್ನಿಕ್ ಇದೆ, ಈಗ ನೃಪತುಂಗ ವಿಶ್ವವಿದ್ಯಾಲಯವಾಗಿರುವ ಹಳೆಯ ಸರ್ಕಾರಿ ವಿಜ್ಞಾನ ಕಾಲೇಜಿದೆ. ಭೌತಶಾಸ್ತ್ರ ಓದುವವರು, ಲೇತ್ ಹಿಡಿಯುವವರು, ವಿನ್ಯಾಸ ಮಾಡುವವರು ಎಲ್ಲರೂ ಒಂದೇ ಬಸ್ ಸ್ಟಾಪಿನಲ್ಲಿ ಇಳಿಯುತ್ತಾರೆ. ಆದರೆ ಬಿ.ಎಸ್‌ಸಿ. ಹುಡುಗಿಯ ವೇಳಾಪಟ್ಟಿಯಲ್ಲಿ ಪಕ್ಕದ ವರ್ಕ್‌ಶಾಪ್ ಬರುವುದಿಲ್ಲ, ಫಿಟ್ಟರ್ ಹುಡುಗನ ದಾರಿಯಲ್ಲಿ ಡಿಗ್ರಿ ತರಗತಿ ಬರುವುದಿಲ್ಲ. ಈ ಪತ್ರ ಆ ವೇಳಾಪಟ್ಟಿಯ ಬಗ್ಗೆ.

ಇದನ್ನು ಬರೆಯುತ್ತಿರುವ ನಾವು ಪದವಿ ಕಾಲೇಜಿನ ಅಧ್ಯಾಪಕರು, ಐಟಿಐಗಳ ತರಬೇತಿ ಅಧಿಕಾರಿಗಳು ಮತ್ತು ಪೀಣ್ಯ, ಜಿಗಣಿ, ದಾಬಸ್‌ಪೇಟೆ ಕಡೆಯ ಸಣ್ಣ ಘಟಕಗಳ ಮೇಲ್ವಿಚಾರಕರು. ನಾವು ಕೇಳುತ್ತಿರುವುದು ಹೊಸ ಕೋರ್ಸನ್ನಲ್ಲ. ಕೋರ್ಸುಗಳು ಬೇಕಾದಷ್ಟು ಇವೆ. ವೃತ್ತಿ ಶಿಕ್ಷಣದ ಬಿ.ವೊಕ್. ಪದವಿಗೆ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2014ರಲ್ಲೇ ದಾರಿ ಮಾಡಿತು. ಅಪ್ರೆಂಟಿಸ್‌ಶಿಪ್ (ಕೆಲಸದ ಜಾಗದಲ್ಲೇ ಸ್ಟೈಪೆಂಡ್ ಪಡೆದು ಕಲಿಯುವುದು) ಸೇರಿದ ಪದವಿಗೆ ಮಾರ್ಗಸೂಚಿ ಬಂದಿದೆ, ನಮ್ಮ ರಾಜ್ಯದ ಕೆಲವು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಆರಂಭವೂ ಆಗಿದೆ. 150 ಸರ್ಕಾರಿ ಐಟಿಐಗಳನ್ನು 4,700 ಕೋಟಿ ರೂಪಾಯಿಗೂ ಹೆಚ್ಚು ವೆಚ್ಚದಲ್ಲಿ ಮೇಲ್ದರ್ಜೆಗೇರಿಸಿ, 2022ರ ಜೂನ್‌ನಲ್ಲಿ ತಂತ್ರಜ್ಞಾನ ಕೇಂದ್ರಗಳೆಂದು ಉದ್ಘಾಟಿಸಲಾಗಿದೆ. ಯಂತ್ರವಿದೆ, ಕಾಯ್ದೆಯಿದೆ, ಕ್ರೆಡಿಟ್ ಲೆಕ್ಕವೂ ಇದೆ. ಇಲ್ಲದಿರುವುದು ವಿದ್ಯಾರ್ಥಿಯ ಕೈಗೆ ಒಟ್ಟಿಗೆ ಸಿಗುವ ಸಮಯ. ವಾರಕ್ಕೆ ಎರಡು ಗಂಟೆಯಂತೆ ಚೂರುಚೂರಾಗಿ ಹಂಚಿದ ಕೌಶಲ್ಯ ಪತ್ರಿಕೆಯಿಂದ ಯಾವ ಕಸುಬೂ ಕೈಗೆ ಹತ್ತುವುದಿಲ್ಲ.

ಗಂಟೆಗಳ ಲೆಕ್ಕವನ್ನೇ ನೋಡಿ. ಐಟಿಐಯ ಎರಡು ವರ್ಷದ ಟ್ರೇಡಿನಲ್ಲಿ ಈಗಿನ ಪಠ್ಯಕ್ರಮದ ಪ್ರಕಾರ ವರ್ಷಕ್ಕೆ 1,200 ಗಂಟೆ ಕಲಿಕೆ. ಅದರಲ್ಲಿ ಪ್ರಾಯೋಗಿಕವೇ 840 ಗಂಟೆ. ಇನ್ನು ಪದವಿಯ ಸೆಮಿಸ್ಟರ್ ಎಂದರೆ ಸುಮಾರು 16 ವಾರ. ವಾರಕ್ಕೊಮ್ಮೆ ನಾಲ್ಕು ಗಂಟೆಯ ಪ್ರಾಯೋಗಿಕ ತರಗತಿ ಇಟ್ಟರೂ 64 ಗಂಟೆ. ಹಬ್ಬ, ಇಂಟರ್ನಲ್ ಪರೀಕ್ಷೆ, ಕಾಲೇಜು ಡೇ ಕಳೆದರೆ ಐವತ್ತು ಉಳಿದರೆ ಹೆಚ್ಚು. ಐವತ್ತು ಗಂಟೆ ಕಲಿತವನಿಗೂ ‘ಕೌಶಲ್ಯ’ದ ಪ್ರಮಾಣಪತ್ರ, 1,680 ಗಂಟೆ ಕೈಯಾಡಿಸಿದವನಿಗೂ ಪ್ರಮಾಣಪತ್ರ. ಕಾರ್ಖಾನೆಯವರು ಮೊದಲನೆಯದನ್ನು ನೋಡದೆ ಬದಿಗಿಡುವುದು ಇದಕ್ಕೇ.

ಚೂರು ಸಮಯ ಏಕೆ ಸಾಲದು ಎನ್ನುವುದಕ್ಕೆ ರೇಷ್ಮೆಗಿಂತ ಚೆನ್ನಾದ ಉದಾಹರಣೆ ಬೇರೆ ಬೇಕಿಲ್ಲ. ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ವ್ಯಾಪ್ತಿಯ ಕೋಲಾರ, ಚಿಕ್ಕಬಳ್ಳಾಪುರ ಸೀಮೆಯಲ್ಲಿ ಇದು ಮನೆಮನೆಯ ಕೆಲಸ. ಮೊಟ್ಟೆಯೊಡೆದ ಹುಳು ಗೂಡು ಕಟ್ಟಲು ಚಂದ್ರಿಕೆ ಹತ್ತುವವರೆಗೆ ಹೆಚ್ಚುಕಡಿಮೆ 25ರಿಂದ 28 ದಿನ. ನಡುವೆ ನಾಲ್ಕು ಜ್ವರ, ಅಂದರೆ ಹುಳು ಪೊರೆ ಕಳಚುವ ಹೊತ್ತು. ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ಹಾಕಬಾರದು, ಎದ್ದ ಮೇಲೆ ತಡ ಮಾಡಬಾರದು. ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚು ಹೋಗುವುದು ನಾಲ್ಕನೇ ಜ್ವರದ ನಂತರದ ಏಳೆಂಟು ದಿನದಲ್ಲಿ. ಚಾಕಿ (ಎಳೆಯ) ಹುಳುವಿಗೆ 27–28 ಡಿಗ್ರಿ ಶಾಖ, ಗಾಳಿಯಲ್ಲಿ ಚೆನ್ನಾಗಿ ತೇವ. ದೊಡ್ಡ ಹುಳುವಿಗೆ 24–25 ಡಿಗ್ರಿ, ತೇವ ಕಡಿಮೆ, ಗಾಳಿಯಾಟ ಹೆಚ್ಚು. ವಾರಕ್ಕೊಂದು ದಿನ ‘ಫೀಲ್ಡ್ ವಿಸಿಟ್’ ಎಂದು ಹುಳುಮನೆಗೆ ಹೋದ ವಿದ್ಯಾರ್ಥಿ ಒಂದು ಬೆಳೆಯಲ್ಲಿ ನಾಲ್ಕು ದಿನ ಮಾತ್ರ ನೋಡುತ್ತಾನೆ. ಹೋದ ನಾಲ್ಕು ದಿನದಲ್ಲಿ ಎರಡು ದಿನ ಹುಳು ಜ್ವರದಲ್ಲಿ ಮಲಗಿದ್ದರೆ ಅವನು ಕಲಿತದ್ದೇನು? ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಯಿತೋ ಇಲ್ಲವೋ ಎಂದು ಮೈಬಣ್ಣ ನೋಡಿ ಹೇಳುವುದು, ಸುಣ್ಣಕಟ್ಟು ರೋಗದ ಮೊದಲ ಗುರುತು ಹಿಡಿಯುವುದು ದಿನವೂ ಅದೇ ತಟ್ಟೆ ನೋಡಿದವರಿಗೆ ಮಾತ್ರ ಬರುವ ವಿದ್ಯೆ.

ಅದೇ ವಿದ್ಯಾರ್ಥಿಗೆ ಆರು ತಿಂಗಳು ಒಟ್ಟಿಗೆ ಕೊಟ್ಟರೆ ಮೂರು ನಾಲ್ಕು ಬೆಳೆ ಪೂರ್ತಿ ನೋಡಬಹುದು, ಒಂದು ತಿಂಗಳು ನೂಲು ಬಿಚ್ಚಾಣಿಕೆ ಘಟಕದಲ್ಲಿ ಕೂರಬಹುದು. ಅಲ್ಲಿ ರಸಾಯನಶಾಸ್ತ್ರ ಕೆಲಸಕ್ಕೆ ಬರುತ್ತದೆ: ಬೋರ್‌ವೆಲ್ ನೀರಿನ ಗಡಸುತನ, ಪಿಎಚ್, ಗೂಡು ಬೇಯಿಸುವ ಶಾಖ ಮತ್ತು ಹೊತ್ತು. ಲೆಕ್ಕವೂ ಬರುತ್ತದೆ. ರೆಂಡಿಟ್ಟಾ ಎಂದರೆ ಒಂದು ಕಿಲೋ ಕಚ್ಚಾ ರೇಷ್ಮೆಗೆ ಬೇಕಾಗುವ ಗೂಡಿನ ಕಿಲೋ ಲೆಕ್ಕ. ರೆಂಡಿಟ್ಟಾ 8 ಇದ್ದರೆ ನೂರು ಕಿಲೋ ಗೂಡಿಗೆ 12.5 ಕಿಲೋ ರೇಷ್ಮೆ. 7ಕ್ಕೆ ಇಳಿಸಿದರೆ 14.29 ಕಿಲೋ. ಈ ಒಂದು ಮುಕ್ಕಾಲು ಕಿಲೋ ಅಂತರ ಗೂಡಿನ ತಳಿಯಿಂದ ಎಷ್ಟು, ಬೇಯಿಸಿದ್ದರಿಂದ ಎಷ್ಟು, ನೀರಿನಿಂದ ಎಷ್ಟು ಎಂದು ಬಿಡಿಸಿ ತೋರಿಸಬಲ್ಲ ಪದವೀಧರ ಆ ಊರಿನ ರೀಲರ್‌ಗಳಿಗೆ ನಿಜವಾಗಿ ಬೇಕು.

ಆದ್ದರಿಂದ ನಮ್ಮ ಮೊದಲ ಮಾತು: ತರಬೇತಿಯ ಸೆಮಿಸ್ಟರ್ ಯಾವಾಗ ಬರಬೇಕು ಎಂಬುದನ್ನು ಕಸುಬಿನ ಕ್ಯಾಲೆಂಡರ್ ನೋಡಿ ನಿರ್ಧರಿಸಿ. ಎಲ್ಲ ವಿಭಾಗಗಳಿಗೂ ‘ಐದನೇ ಸೆಮಿಸ್ಟರ್’ ಎಂದು ಒಂದೇ ಗೆರೆ ಎಳೆದರೆ ಕೆಲಸ ಕೆಡುತ್ತದೆ. ಬಿ.ಕಾಂ. ತೆಗೆದುಕೊಳ್ಳಿ. ಲೆಕ್ಕಪರಿಶೋಧಕರ ಕಚೇರಿಯಲ್ಲಿ ತಿಂಗಳ ಚಕ್ರವೊಂದಿದೆ: 7ಕ್ಕೆ ಟಿಡಿಎಸ್ (ಮೂಲದಲ್ಲೇ ಕಡಿತ ಮಾಡಿದ ತೆರಿಗೆ) ಕಟ್ಟುವುದು, 11ಕ್ಕೆ ಮಾರಾಟದ ಜಿಎಸ್‌ಟಿ ವಿವರ (ಜಿಎಸ್‌ಟಿಆರ್–1), 14ಕ್ಕೆ ಬರುವ ಖರೀದಿ ತೆರಿಗೆಯ ಪಟ್ಟಿಯ (2ಬಿ) ಜೊತೆ ಖರೀದಿ ಪುಸ್ತಕ ತಾಳೆ ನೋಡುವುದು, 20ಕ್ಕೆ ತೆರಿಗೆ ಕಟ್ಟುವ ರಿಟರ್ನ್ (3ಬಿ). ಅದರ ಮೇಲೆ ವರ್ಷದ ಚಕ್ರ: ಮಾರ್ಚ್ 31ರ ಮುಕ್ತಾಯ, ಮಾರ್ಚ್ ತಿಂಗಳ ಟಿಡಿಎಸ್‌ಗೆ ಏಪ್ರಿಲ್ 30ರ ಗಡುವು. ಜುಲೈನಿಂದ ಡಿಸೆಂಬರ್‌ವರೆಗೆ ಕಳಿಸಿದ ವಿದ್ಯಾರ್ಥಿ ವರ್ಷದ ಮುಕ್ತಾಯವನ್ನು ಕಾಣುವುದೇ ಇಲ್ಲ. ಜನವರಿಯಿಂದ ಜೂನ್ ಆದರೆ ಕಾಣುತ್ತಾನೆ. ಹಾಗಾಗಿ ಬಿ.ಕಾಂ.ಗೆ ಸಮ ಸೆಮಿಸ್ಟರ್, ಯಂತ್ರದ ಕೆಲಸಕ್ಕೆ ಯಾವುದಾದರೂ ಸರಿ. ರೇಷ್ಮೆಗೂ ಹುಳು ಸಾಕಲು ಹದವಾದ ತಿಂಗಳುಗಳನ್ನು ಆ ವಿಭಾಗದವರೇ ಆರಿಸಲಿ. ಜರ್ಮನಿಯ ಬಾಡೆನ್–ವುರ್ಟೆಂಬರ್ಗ್ ರಾಜ್ಯದ ದ್ವಿಮುಖ ವಿಶ್ವವಿದ್ಯಾಲಯದಲ್ಲಿ ಮೂರು ತಿಂಗಳು ತರಗತಿ, ಮೂರು ತಿಂಗಳು ಕಂಪನಿ ಎಂಬ ಸರದಿಯಿದೆ. ಅಲ್ಲಿಂದ ಕಲಿಯಬೇಕಾದ್ದು ಮೂರು ಎಂಬ ಅಂಕೆಯನ್ನಲ್ಲ, ಕಂಪನಿಯಲ್ಲಿರುವಾಗ ಬೇರೇನನ್ನೂ ನಡುವೆ ತುರುಕದ ಕಟ್ಟುನಿಟ್ಟನ್ನು. ನಮ್ಮಲ್ಲೇ ಸಾಕ್ಷಿಯಿದೆ. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಆರಂಭವಾದ ಜಿಟಿಟಿಸಿಯ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷ ಸಂಸ್ಥೆಯಲ್ಲಿ, ನಾಲ್ಕನೆಯ ವರ್ಷ ಪೂರ್ತಿ ಕಾರ್ಖಾನೆಯಲ್ಲಿ.

ಈಗ ಕ್ರೆಡಿಟ್. ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ 30 ಗಂಟೆಯ ಕಲಿಕೆಗೆ ಒಂದು ಕ್ರೆಡಿಟ್, ವರ್ಷಕ್ಕೆ 1,200 ಗಂಟೆಗೆ 40, ಸೆಮಿಸ್ಟರಿಗೆ 20. ಅಂದರೆ ಒಂದು ಸೆಮಿಸ್ಟರ್ ಭರ್ತಿಯಾಗಲು 600 ಗಂಟೆ ಬೇಕು. ವಾರಕ್ಕೆ ಐದು ದಿನ, ದಿನಕ್ಕೆ ಎಂಟು ಗಂಟೆ, 24 ವಾರ ಎಂದರೆ 960 ಗಂಟೆ. ರಜೆ, ಹಿಂದೆ ಉಳಿಸಿಕೊಂಡ ಪತ್ರಿಕೆಗಳ ಪರೀಕ್ಷೆ, ಆರ್ಡರಿಲ್ಲದೆ ಯಂತ್ರ ನಿಂತ ದಿನ ಎಲ್ಲ ಕಳೆದರೂ 600 ಸಲೀಸಾಗಿ ಸಿಗುತ್ತದೆ. ಆರನೆಯ ದಿನ ಕಾಲೇಜಿಗೆ ಮೀಸಲಿಡಿ. ಆ ವಾರ ಕೈಯಲ್ಲಿ ಮಾಡಿದ ಕೆಲಸದ ಹಿಂದಿನ ಶಾಸ್ತ್ರ ಅಂದು ಪಾಠವಾಗಲಿ. ಯುಜಿಸಿ ಮಾರ್ಗಸೂಚಿ ಮೂರು ವರ್ಷದ ಪದವಿಯಲ್ಲಿ ಕನಿಷ್ಠ ಒಂದು, ಗರಿಷ್ಠ ಮೂರು ಸೆಮಿಸ್ಟರ್ ಅಪ್ರೆಂಟಿಸ್‌ಶಿಪ್‌ಗೆ ಅವಕಾಶ ಕೊಟ್ಟಿದೆ. 2024–25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿರುವುದರಿಂದ ಸದ್ಯಕ್ಕೆ ನಮಗೆ ಒಂದೇ ಸಾಕು. ಮೂರು ವರ್ಷದಲ್ಲಿ ಒಂದೂವರೆ ವರ್ಷ ಹೊರಗೆ ಕಳಿಸಿದರೆ ಶಾಸ್ತ್ರ ಸೊರಗುತ್ತದೆ. ಅದಕ್ಕೆ ನಮ್ಮ ಒಪ್ಪಿಗೆಯಿಲ್ಲ.

ಶಾಸ್ತ್ರ ಮತ್ತು ಕೈಕೆಲಸ ಬೇರೆಬೇರೆ ಎಂದು ಭಾವಿಸುವವರು ಇನ್ನೂ ಇದ್ದಾರೆ. ಅವರಿಗಾಗಿ ಒಂದೇ ಒಂದು ಪಾಠವನ್ನು ಹತ್ತಿರದಿಂದ ತೋರಿಸುತ್ತೇವೆ. 25 ಮಿ.ಮೀ. ಎಂ.ಎಸ್. (ಮೆದು ಉಕ್ಕಿನ) ರಾಡನ್ನು ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಲೇತಿನಲ್ಲಿ 20 ಮಿ.ಮೀ. h7 (ಚಿಕ್ಕ ಅಕ್ಷರದ ಎಚ್) ಅಳತೆಗೆ ತರಬೇಕು. ಅಂದರೆ ವ್ಯಾಸ 19.979ರಿಂದ 20.000 ಮಿ.ಮೀ. ನಡುವೆ ಇರಬೇಕು, ಇರುವ ಜಾಗ 21 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ 21 ಪಾಲು. ವಿದ್ಯಾರ್ಥಿ ಜಾಬ್ (ತಯಾರಾದ ತುಂಡು) ಬಿಚ್ಚಿದ ಕೂಡಲೇ ಮೈಕ್ರೊಮೀಟರ್ ಹಿಡಿಯುತ್ತಾನೆ. ಅಳತೆ ಒಂದೆರಡು ಮೈಕ್ರಾನ್ ಹೆಚ್ಚು ಬರುತ್ತದೆ. ಟೂಲ್ ಆಫ್‌ಸೆಟ್ (ಉಪಕರಣ ಎಷ್ಟು ಒಳಗೆ ಕೊಯ್ಯಬೇಕೆಂಬ ಹೊಂದಿಕೆ) ಇಳಿಸುತ್ತಾನೆ. ಹತ್ತು ನಿಮಿಷದ ನಂತರ ಅದೇ ಜಾಬ್ ಸಣ್ಣದಾಗಿದೆ. ಏಕೆ? ಕಟಿಂಗ್ ಆದ ಉಕ್ಕು ಬಿಸಿಯಾಗಿತ್ತು. ಉಕ್ಕು ಪ್ರತಿ ಡಿಗ್ರಿಗೆ ಮೀಟರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. 20 ಮಿ.ಮೀ. ವ್ಯಾಸದ ಜಾಬ್ 10 ಡಿಗ್ರಿ ಬಿಸಿ ಇದ್ದರೆ 2.3 ಮೈಕ್ರಾನ್, ಅಂದರೆ ಇರುವ ಜಾಗದ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು. ಡ್ರಾಯಿಂಗಿನ ಅಳತೆ 20 ಡಿಗ್ರಿ ಸೆಲ್ಸಿಯಸ್‌ಗೆ ಬರೆದದ್ದು ಎಂಬ ವಾಕ್ಯ ಬಿ.ಎಸ್‌ಸಿ. ಪುಸ್ತಕದಲ್ಲಿ ಉಷ್ಣ ವಿಸ್ತರಣೆಯ ಅಧ್ಯಾಯದ ಪಕ್ಕದಲ್ಲಿ ಇರಬೇಕಿತ್ತು.

ಮುಂದಿನ ಹೆಜ್ಜೆ ಸಂಖ್ಯಾಶಾಸ್ತ್ರದ್ದು. ಅರ್ಧ ಗಂಟೆಗೊಮ್ಮೆ ಸಾಲಾಗಿ ಐದು ಜಾಬ್ ಅಳೆದು ಸರಾಸರಿ ಮತ್ತು ವ್ಯಾಪ್ತಿ (ದೊಡ್ಡ ಅಳತೆಗೂ ಸಣ್ಣ ಅಳತೆಗೂ ಇರುವ ಅಂತರ) ಬರೆದುಕೊಳ್ಳಬೇಕು. ವ್ಯಾಪ್ತಿಯ ಸರಾಸರಿಯನ್ನು 0.577ರಿಂದ ಗುಣಿಸಿ, ಒಟ್ಟು ಸರಾಸರಿಗೆ ಕೂಡಿಸಿ ಕಳೆದರೆ ನಿಯಂತ್ರಣ ಗೆರೆಗಳು ಸಿಗುತ್ತವೆ. ಚಾರ್ಟಿನ ಚುಕ್ಕಿಗಳು ಮೆಲ್ಲಗೆ ಮೇಲೇರುತ್ತಿದ್ದರೆ ಇನ್ಸರ್ಟ್ (ಲೋಹ ಕೊಯ್ಯುವ ಅಲಗು) ಸವೆಯುತ್ತಿದೆ ಎಂದು ಅರ್ಥ. ತುದಿ ಸವೆದಷ್ಟೂ ವ್ಯಾಸ ದಪ್ಪವಾಗುತ್ತದೆ. ಚುಕ್ಕಿಗಳು ಮೇಲೆ ಕೆಳಗೆ ಕುಣಿಯುತ್ತಿದ್ದರೆ ಇನ್ಸರ್ಟನ್ನು ದೂರಬೇಡಿ, ಜಾಬನ್ನು ಹಿಡಿದಿರುವ ಚಕ್ಕಿನ ಹಿಡಿತ ನೋಡಿ, ಅಳೆಯುವ ಕೈ ನೋಡಿ. ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು ಪ್ರತಿ ಜಾಬಿಗೂ ಆಫ್‌ಸೆಟ್ ತಿದ್ದುವುದು. ಅದರಿಂದ ಏರುಪೇರು ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಏಕೆ ಹೆಚ್ಚುತ್ತದೆ ಎಂದು ಕಾಗದದ ಮೇಲೆ ಸಾಧಿಸಿ ತೋರಿಸಬಲ್ಲದ್ದು ಸಂಖ್ಯಾಶಾಸ್ತ್ರದ ಅಧ್ಯಾಪಕರು. ಇನ್ಸರ್ಟ್ ತಿರುಗಿಸಿ ತೋರಿಸಬಲ್ಲದ್ದು ತರಬೇತಿ ಅಧಿಕಾರಿ. ಇಬ್ಬರೂ ಒಂದೇ ಯಂತ್ರದ ಮುಂದೆ ನಿಂತ ದಿನ ಈ ಪತ್ರದ ಅರ್ಧ ಬೇಡಿಕೆ ಈಡೇರಿದಂತೆ.

ಆದರೆ ಆ ಯಂತ್ರ ಇರುವುದು ಒಂದು ಇಲಾಖೆಯಲ್ಲಿ, ವಿದ್ಯಾರ್ಥಿ ಇರುವುದು ಇನ್ನೊಂದರಲ್ಲಿ. ಪದವಿ ಕಾಲೇಜುಗಳು ಉನ್ನತ ಶಿಕ್ಷಣದ ಕೆಳಗೆ, ಐಟಿಐ ಮತ್ತು ಜಿಟಿಟಿಸಿ ಕೌಶಲ್ಯಾಭಿವೃದ್ಧಿಯ ಕೆಳಗೆ. ಪದವಿ ವಿದ್ಯಾರ್ಥಿ ಐಟಿಐ ಯಂತ್ರ ಮುಟ್ಟಿ ಇನ್ಸರ್ಟ್ ಮುರಿದರೆ ಯಾರ ಲೆಕ್ಕ, ಬೆರಳು ಕೊಯ್ದುಕೊಂಡರೆ ಯಾರ ಹೊಣೆ ಎಂಬ ಪ್ರಶ್ನೆಗೆ ಉತ್ತರ ಬರೆದಿಡದೆ ಯಾವ ಪ್ರಾಂಶುಪಾಲರೂ ಬಾಗಿಲು ತೆರೆಯುವುದಿಲ್ಲ, ತೆರೆಯಲೂಬಾರದು. ಎರಡೂ ಇಲಾಖೆಗಳ ಜಂಟಿ ಆದೇಶ ಬೇಕು. ಅದರಲ್ಲಿ ನಾಲ್ಕು ಸಂಗತಿ ಬರೆದಿದ್ದರೆ ಸಾಕು: ಸಂಜೆ ಪಾಳಿಯಲ್ಲಿ ಯಂತ್ರ ಬಳಕೆ, ತರಬೇತಿ ಅಧಿಕಾರಿಗೆ ಹೆಚ್ಚುವರಿ ಗಂಟೆಯ ಗೌರವಧನ, ಇನ್ಸರ್ಟ್–ಎಂಡ್ ಮಿಲ್–ರಾಡ್–ಕೂಲೆಂಟ್–ವಿದ್ಯುತ್ ವೆಚ್ಚ ಯಾವ ಶೀರ್ಷಿಕೆಯಿಂದ ಎಂಬುದು, ವಿದ್ಯಾರ್ಥಿಗಳ ಗುಂಪು ವಿಮೆ.

ಬ್ಯಾಚಿನ ಗಾತ್ರವನ್ನೂ ಆದೇಶದಲ್ಲೇ ಕಟ್ಟಿಹಾಕಿ. ಒಂದು ಸಿಎನ್‌ಸಿ ಯಂತ್ರಕ್ಕೆ 20 ಜನರನ್ನು ನಾಲ್ಕು ಗಂಟೆ ಬಿಟ್ಟರೆ ತಲೆಗೆ 12 ನಿಮಿಷ. ಉಳಿದ ಹೊತ್ತು ನಿಂತು ನೋಡುವುದೇ ಕೆಲಸ. ಐವರು ಯಂತ್ರದಲ್ಲಿ, ಐವರು ಮಾಮೂಲಿ ಲೇತಿನಲ್ಲಿ, ಐವರು ಅಳತೆಯ ಕೋಣೆಯಲ್ಲಿ, ಐವರು ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಓಡಿಸುವಲ್ಲಿ ಎಂದು ಗಂಟೆಗೊಮ್ಮೆ ಸರದಿ ಬದಲಾದರೆ ಅದೇ 12 ನಿಮಿಷವೇ ಸಿಕ್ಕರೂ ಉಳಿದ ಮೂರು ಗಂಟೆ ಪೋಲಾಗುವುದಿಲ್ಲ. ಕಾರ್ಖಾನೆಗೆ ಕಳಿಸುವ ಮುನ್ನ ಹೀಗೆ ಕನಿಷ್ಠ 60 ಗಂಟೆ ಕೈ ಪಳಗಿಸಬೇಕು. ಚಕ್ ಕೀ ತೆಗೆಯದೆ ಸ್ಪಿಂಡಲ್ ಚಾಲೂ ಮಾಡಬಾರದು, ಲೇತಿನ ಮುಂದೆ ಕೈಗವಸು, ದುಪಟ್ಟಾ, ಸಡಿಲ ತೋಳು ಇರಬಾರದು ಎಂಬುದು ಮೊದಲ ದಿನವೇ ಮೈಗೂಡಬೇಕು. ಇದನ್ನು ಕನ್ನಡದಲ್ಲೇ ಹೇಳಿ, ಕನ್ನಡದಲ್ಲೇ ಬರೆದು ಗೋಡೆಗೆ ಹಾಕಿ.

ಅಪ್ರೆಂಟಿಸ್‌ಶಿಪ್ ಕೆಡುವುದು ಎಲ್ಲಿ ಎಂಬುದು ಈ ಕ್ಷೇತ್ರದಲ್ಲಿ ಇರುವ ಎಲ್ಲರಿಗೂ ಗೊತ್ತು. ಒಂದು, ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ಒಪ್ಪಂದ ನೋಂದಾಯಿಸದೆ ‘ಇಂಟರ್ನ್’ ಎಂದು ಕರೆದುಕೊಳ್ಳುವುದು. 1961ರ ಅಪ್ರೆಂಟಿಸ್ ಕಾಯ್ದೆಯಡಿ ಒಪ್ಪಂದವಿದ್ದರೆ ಕೆಲಸದಲ್ಲಿ ಗಾಯವಾದಾಗ ಪರಿಹಾರಕ್ಕೆ ಕಾನೂನಿನ ಆಧಾರವಿದೆ. ‘ಇಂಟರ್ನ್’ ಎಂಬ ಬಾಯಿಮಾತಿಗೆ ಆ ಆಧಾರವಿಲ್ಲ. ಒಪ್ಪಂದದ ಸಂಖ್ಯೆ ಬರುವ ತನಕ ವಿದ್ಯಾರ್ಥಿಯನ್ನು ಗೇಟಿನೊಳಗೆ ಕಳಿಸಬಾರದು ಎಂದು ವಿಶ್ವವಿದ್ಯಾಲಯ ನಿಯಮ ಮಾಡಬೇಕು. ಎರಡು, ಆರು ತಿಂಗಳೂ ಒಂದೇ ಮೇಜಿನಲ್ಲಿ ಬರ್ (ಅಂಚಿನ ಚೂಪು ಎಳೆ) ತೆಗೆಯುವುದಕ್ಕೆ, ಪೆಟ್ಟಿಗೆ ತುಂಬುವುದಕ್ಕೆ ಕೂರಿಸುವುದು. ಇದನ್ನು ತಡೆಯಲು ಒಪ್ಪಂದದ ಜೊತೆಗೇ ಸರದಿಯ ಹಾಳೆ ಇರಲಿ: ಸ್ಟೋರ್ಸಿನಲ್ಲಿ ಎರಡು ವಾರ, ಯಂತ್ರದಲ್ಲಿ ಹತ್ತು, ಗುಣಮಟ್ಟ ತಪಾಸಣೆಯಲ್ಲಿ ಆರು, ನಿರ್ವಹಣೆಯಲ್ಲಿ ಮೂರು, ಪ್ಲಾನಿಂಗಿನಲ್ಲಿ ಮೂರು. ಒಟ್ಟು 24. ಪ್ರತಿ ಸರದಿಯ ಕೊನೆಗೆ ಮೇಲ್ವಿಚಾರಕರ ಸಹಿ. ಮೂರು, ಸಹಿ ಮಾಡಿಸಿಕೊಂಡು ಬಂದ ಸರ್ಟಿಫಿಕೇಟ್. ಇದು ಹರಡಿರುವುದಕ್ಕೆ ಕಾರಣ ಕಾಲೇಜು ಕೇಳುವುದು ಕಾಗದವನ್ನು, ಕೆಲಸವನ್ನಲ್ಲ. ನೂರು ಅಂಕದಲ್ಲಿ ದಿನಚರಿ ಪುಸ್ತಕಕ್ಕೆ 20, ಮೇಲ್ವಿಚಾರಕರಿಗೆ 30, ಕೆಲಸದ ಜಾಗದಲ್ಲೇ ಪರೀಕ್ಷಕರ ಎದುರು ಮಾಡಿ ತೋರಿಸುವುದಕ್ಕೆ 30, ಮೌಖಿಕಕ್ಕೆ 20 ಎಂದು ಹಂಚಿ. ಎದುರಿಗೆ ಮಾಡಿ ತೋರಿಸಬೇಕಾದಾಗ ಖೋಟಾ ಕಾಗದ ಉಪಯೋಗಕ್ಕೆ ಬರುವುದಿಲ್ಲ.

ಪರೀಕ್ಷಕರು ಯಾರು? ‘ಪ್ರೊಫೆಸರ್ ಆಫ್ ಪ್ರಾಕ್ಟಿಸ್’ ಎಂದು ಯುಜಿಸಿ 2022ರಲ್ಲಿ ಅವಕಾಶ ಮಾಡಿದೆ. 15 ವರ್ಷದ ಅನುಭವ ಬೇಕು, ಪದವಿ ಕಡ್ಡಾಯವಲ್ಲ. ಆದರೆ ಅದು ದೊಡ್ಡ ಹುದ್ದೆಯವರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಇಪ್ಪತ್ತು ವರ್ಷ ಟೂಲ್ ರೂಮಿನಲ್ಲಿ ನಿಂತ ಫೋರ್‌ಮನ್ ಆ ಅರ್ಜಿ ತುಂಬುವುದಿಲ್ಲ. ಅವರಿಗೆ ಗಂಟೆ ಲೆಕ್ಕದ ಗೌರವಧನ ಕೊಟ್ಟು ‘ಕಾರ್ಯಾಗಾರ ಪರೀಕ್ಷಕ’ ಎಂಬ ಪಟ್ಟಿಗೆ ಸೇರಿಸಿಕೊಳ್ಳುವ ಅಧಿಕಾರವನ್ನು ವಿಶ್ವವಿದ್ಯಾಲಯಗಳು ಪರೀಕ್ಷಾಂಗ ವಿಭಾಗಕ್ಕೆ ಕೊಡಲಿ.

ಒಳಗಿನಿಂದ ಬರುವ ವಿರೋಧದ ಬಗ್ಗೆಯೂ ಬಿಚ್ಚಿ ಹೇಳಬೇಕು. ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಬೋಧನೆ. ಒಂದು ಸೆಮಿಸ್ಟರ್ ವಿದ್ಯಾರ್ಥಿಗಳು ಹೊರಗೆ ಹೋದರೆ ಆ ಗಂಟೆಗಳು ಮಾಯವಾಗುತ್ತವೆ, ಮೊದಲ ಪೆಟ್ಟು ಬೀಳುವುದು ಅತಿಥಿ ಉಪನ್ಯಾಸಕರಿಗೆ. ಅವರ ಅನ್ನದ ಪ್ರಶ್ನೆಗೆ ಉತ್ತರ ಕೊಡದೆ ಯಾವ ಅಧ್ಯಯನ ಮಂಡಳಿಯಲ್ಲೂ ಇದು ಪಾಸಾಗುವುದಿಲ್ಲ. ನಮ್ಮ ಸಲಹೆ: ಹತ್ತು ವಿದ್ಯಾರ್ಥಿಗಳ ಮೇಲುಸ್ತುವಾರಿಯನ್ನು ವಾರಕ್ಕೆ ಎರಡು ಗಂಟೆ ಬೋಧನೆ ಎಂದು ಲೆಕ್ಕ ಹಿಡಿಯಿರಿ, ಶನಿವಾರದ ಪಾಠವನ್ನೂ ಸೇರಿಸಿ. ಎರಡು ಸೆಕ್ಷನ್ ಇರುವ ಕಡೆ, ಕಸುಬು ಒಪ್ಪುವುದಾದರೆ, ಒಂದನ್ನು ಬೆಸ ಸೆಮಿಸ್ಟರಿನಲ್ಲಿ, ಇನ್ನೊಂದನ್ನು ಸಮ ಸೆಮಿಸ್ಟರಿನಲ್ಲಿ ಕಳಿಸಿದರೆ ವರ್ಷವಿಡೀ ಕೆಲಸ ಸಮನಾಗಿರುತ್ತದೆ, ಕಾರ್ಖಾನೆಗೂ ಕೈ ಖಾಲಿಯಾಗುವುದಿಲ್ಲ.

ಇನ್ನೊಂದು ಗುಂಡಿ ಮುಚ್ಚದೆ ಬಿಟ್ಟರೆ ವಿದ್ಯಾರ್ಥಿಗಳೇ ಬೀಳುತ್ತಾರೆ. ಎಂ.ಎಸ್‌ಸಿ., ಎಂ.ಕಾಂ., ಬಿ.ಎಡ್. ಪ್ರವೇಶಕ್ಕೆ ಮುಖ್ಯ ವಿಷಯವನ್ನು ಓದಿರಬೇಕು, ಅದರಲ್ಲಿ ನಿಗದಿತ ಅಂಕ ಇರಬೇಕು. ತರಬೇತಿ ಸೆಮಿಸ್ಟರ್ ಭೌತಶಾಸ್ತ್ರದ ಪತ್ರಿಕೆಗಳನ್ನು ನುಂಗಿದರೆ ಮೂರು ವರ್ಷದ ನಂತರ ‘ಅರ್ಹತೆ ಇಲ್ಲ’ ಎಂಬ ಉತ್ತರ ಕಾದಿರುತ್ತದೆ. ಬಿ.ವೊಕ್. ಮುಗಿಸಿದವರು ಈ ಪಾಡು ಪಟ್ಟಿದ್ದಾರೆ. ಆದ್ದರಿಂದ 20 ಕ್ರೆಡಿಟ್ ಬರಬೇಕಾದ್ದು ಐಚ್ಛಿಕ ಮತ್ತು ಕೌಶಲ್ಯ ಪತ್ರಿಕೆಗಳ ಜಾಗದಲ್ಲಿ. ಮುಖ್ಯ ವಿಷಯದ ಪತ್ರಿಕೆಗಳನ್ನು ಉಳಿದ ಐದು ಸೆಮಿಸ್ಟರಿಗೆ ಹಂಚಿ, ‘ಈ ಪದವಿ ಸಂಬಂಧಪಟ್ಟ ಎಲ್ಲ ಸ್ನಾತಕೋತ್ತರ ಪ್ರವೇಶಕ್ಕೂ ಸಮಾನ’ ಎಂಬ ಒಂದು ಸಾಲನ್ನು ನಿಯಮಾವಳಿಯಲ್ಲೇ ಅಚ್ಚು ಮಾಡಿ. ತರಬೇತಿಯ ದಿನಗಳು ಶೇ 75ರ ಹಾಜರಾತಿಗೆ ಸೇರಲಿ. ವಿಶ್ವವಿದ್ಯಾಲಯಗಳ ಪ್ರವೇಶ, ಪರೀಕ್ಷೆ ನೋಡಿಕೊಳ್ಳುವ ಯುಯುಸಿಎಂಎಸ್ ತಂತ್ರಾಂಶದಲ್ಲಿ ಒಪ್ಪಂದದ ಸಂಖ್ಯೆ, ಗಂಟೆ, ಅಂಕ ತುಂಬಲು ಕಾಲಂ ಮೊದಲೇ ಸಿದ್ಧವಾಗಲಿ. ಫಲಿತಾಂಶದ ವೇಳೆ ನೋಡೋಣ ಎಂದರೆ ಅಂಕಪಟ್ಟಿ ತಡವಾಗುವುದು ಖಚಿತ.

ಹಣದ ವಿಚಾರ. 2019ರ ನಿಯಮ ಪದವಿ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ ಸ್ಟೈಪೆಂಡ್ 9,000 ರೂಪಾಯಿ ಎಂದು ನಿಗದಿ ಮಾಡಿತ್ತು, ಅದರ ಅರ್ಧವನ್ನು ಕೇಂದ್ರ ಭರಿಸುವ ವ್ಯವಸ್ಥೆಯಿದೆ. 30 ಮತ್ತು ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. ಪೀಣ್ಯದ ಎಷ್ಟೋ ಶೆಡ್ಡುಗಳು ಮೂವತ್ತರ ಕೆಳಗಿನವು. ಕಲಿಯಲು ಅವೇ ಒಳ್ಳೆಯ ಜಾಗ, ಏಕೆಂದರೆ ಅಲ್ಲಿ ಒಬ್ಬನೇ ರಾಡು ಕತ್ತರಿಸಿ, ಜಾಬ್ ಮಾಡಿ, ಅಳೆದು, ಚಲನ್ ಬರೆಯುತ್ತಾನೆ. ಆದರೆ ತಿಂಗಳಿಗೆ 4,500 ಅವರಿಗೆ ಭಾರ. ಆ ಪಾಲನ್ನು ರಾಜ್ಯ ಭರಿಸಿದರೆ ಆರು ತಿಂಗಳಿಗೆ ಒಬ್ಬ ವಿದ್ಯಾರ್ಥಿಗೆ 27,000 ರೂಪಾಯಿ. ಯುವನಿಧಿಯಲ್ಲಿ ಕೆಲಸ ಸಿಗದ ಪದವೀಧರನಿಗೆ ತಿಂಗಳಿಗೆ 3,000ದಂತೆ ಎರಡು ವರ್ಷಕ್ಕೆ 72,000 ಕೊಡಲು ಸರ್ಕಾರ ಸಿದ್ಧವಿದೆ. ಯುವನಿಧಿ ಬೇಡವೆಂದು ನಾವು ಹೇಳುತ್ತಿಲ್ಲ. ಪದವಿಯ ಒಳಗೇ 27,000 ಖರ್ಚು ಮಾಡಿದರೆ ಎಷ್ಟೋ ಮಕ್ಕಳು ಆ ಸಾಲಿಗೆ ಬರುವುದೇ ಬೇಡವಾಗಬಹುದು.

ಸಣ್ಣದೆನಿಸುವ ಆದರೆ ಮಕ್ಕಳು ಬಿಟ್ಟುಹೋಗಲು ಕಾರಣವಾಗುವ ಸಂಗತಿಗಳಿವೆ. ವಿದ್ಯಾರ್ಥಿ ಬಸ್ ಪಾಸು ಮನೆಯಿಂದ ಕಾಲೇಜಿನ ದಾರಿಗೆ. ಕಾರ್ಖಾನೆಯ ದಾರಿಗೆ ಆರು ತಿಂಗಳು ಬದಲಿಸಿ ಕೊಡುವ ವ್ಯವಸ್ಥೆ ಬೇಕು. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆ ಇದೆ, ಆದರೆ ಶೌಚಾಲಯ ಮತ್ತು ಬೆಳಕಿರುವ ಬಸ್ ಸ್ಟಾಪ್ ಇಲ್ಲದ ಘಟಕಕ್ಕೆ ಅವರನ್ನು ಕಳಿಸಬಾರದು. ಮೊದಲೇ ಒಬ್ಬ ಅಧ್ಯಾಪಕಿ ಹೋಗಿ ನೋಡಿ ಬರಬೇಕು. ಹಾಸ್ಟೆಲ್ ವಾರ್ಡನ್‌ಗಳಿಗೆ ಪಾಳಿ ಸಮಯದ ಪತ್ರ ಹೋಗಬೇಕು.

ಇಷ್ಟು ಹೊತ್ತು ಪದವಿಯಿಂದ ಕಾರ್ಖಾನೆಗೆ ಹೋಗುವ ದಾರಿ. ಎದುರು ದಾರಿಯೂ ಬೇಕು. ಎರಡು ವರ್ಷ ಐಟಿಐ ಓದಿದವರ 2,400 ಗಂಟೆ ಕ್ರೆಡಿಟ್ ಲೆಕ್ಕದಲ್ಲಿ 80. ಅದನ್ನು ಪೂರ್ತಿಯಾಗಿ ಪದವಿಯ ಕ್ರೆಡಿಟ್ಟಿನಲ್ಲಿ ಲೆಕ್ಕ ಹಿಡಿಯಿರಿ ಎಂದು ನಾವು ಕೇಳುವುದಿಲ್ಲ. ಅದು ಬೇರೆ ಹಂತದ ಕಲಿಕೆ. ಆದರೆ ಪಿಯುಸಿ ಸಮಾನತೆಯ ಅರ್ಹತೆ ಪಡೆದು ಬಂದ ಫಿಟ್ಟರ್‌ಗೆ ಮತ್ತೆ ಕಾರ್ಯಾಗಾರದ ಪತ್ರಿಕೆ ಬರೆಸುವುದು ಬೇಡ, ಆ ಹೊತ್ತಿನಲ್ಲಿ ಗಣಿತ ಕಲಿಸಿ. ಅವನಿಗೆ ಗಣಿತ ಬರುವುದಿಲ್ಲವೆಂದಲ್ಲ, ಬೇರೆ ಬಾಗಿಲಿನಿಂದ ಬಂದಿದೆ. 200 ಮಿ.ಮೀ. ಸೈನ್ ಬಾರಿನ (ಕೋನ ಹೊಂದಿಸುವ ಪಟ್ಟಿ) ಒಂದು ತುದಿಗೆ 100 ಮಿ.ಮೀ. ಸ್ಲಿಪ್ ಗೇಜ್ (ಅಳತೆಯ ಬಿಲ್ಲೆ) ಇಟ್ಟರೆ 30 ಡಿಗ್ರಿ ಎಂದು ಅವನ ಕೈಗೆ ಗೊತ್ತು. 25 ಡಿಗ್ರಿಗೆ 84.52 ಮಿ.ಮೀ. ಎಂದು ಕೋಷ್ಟಕ ನೋಡಿ ಜೋಡಿಸುತ್ತಾನೆ. ತ್ರಿಕೋನಮಿತಿಯ ಮೊದಲ ಪಾಠ ಅಲ್ಲಿಂದ ಆರಂಭವಾದರೆ ಅವನು ತರಗತಿಯಲ್ಲಿ ಮುಂದಿನ ಬೆಂಚಿನವನು.

ಕೆಲಸದಲ್ಲಿದ್ದು ಓದುವವರಿಗೆ ಸಂಜೆ ಕಾಲೇಜು ಎಂದರಷ್ಟೇ ಸಾಲದು. ಬೆಳಿಗ್ಗೆ 6ರಿಂದ 2, ಮಧ್ಯಾಹ್ನ 2ರಿಂದ 10 ಎಂದು ವಾರಕ್ಕೊಮ್ಮೆ ಪಾಳಿ ತಿರುಗುವವನಿಗೆ ಸಂಜೆಯ ತರಗತಿ ಒಂದು ವಾರ ಸಿಗುತ್ತದೆ, ಮರುವಾರ ತಪ್ಪುತ್ತದೆ. ಅದೇ ಪಾಠ ಬೆಳಿಗ್ಗೆ 9ಕ್ಕೂ ಸಂಜೆ 5ಕ್ಕೂ ನಡೆಯಬೇಕು. ಪೀಣ್ಯ, ಬೊಮ್ಮಸಂದ್ರ ಕಡೆಯ ಒಂದೆರಡು ಸರ್ಕಾರಿ ಕಾಲೇಜುಗಳಲ್ಲಿ ಇದನ್ನು ಮಾಡಲು ಬೇಕಾಗುವುದು ಇಬ್ಬರು ಮೂವರು ಅತಿಥಿ ಉಪನ್ಯಾಸಕರ ಹೆಚ್ಚುವರಿ ಗಂಟೆಗಳು. ಮೇಲೆ ಹೇಳಿದ ಕಾರ್ಯಭಾರದ ಸಮಸ್ಯೆಗೂ ಇಲ್ಲೇ ಒಂದಿಷ್ಟು ಪರಿಹಾರವಿದೆ.

ಹೊಸ ಪ್ರಾದೇಶಿಕ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚುವ ಪ್ರಸ್ತಾವ 2025ರ ಫೆಬ್ರುವರಿಯಲ್ಲಿ ಸಂಪುಟ ಉಪಸಮಿತಿಯಿಂದ ಬಂದಾಗ ಹೇಳಿದ ಕಾರಣ ಹಣ, ಕಟ್ಟಡ, ಸಿಬ್ಬಂದಿಯ ಕೊರತೆ. ಆ ಕೊರತೆ ನಿಜ. ಆದರೆ ಜಿಲ್ಲೆಯ ಐಟಿಐ, ಪಾಲಿಟೆಕ್ನಿಕ್, ರೇಷ್ಮೆ ಫಾರಂ, ಎಪಿಎಂಸಿ, ಡೈರಿ ಇವೆಲ್ಲ ತನ್ನ ಪ್ರಯೋಗಾಲಯ ಎಂದುಕೊಂಡ ವಿಶ್ವವಿದ್ಯಾಲಯಕ್ಕೆ ಬೇಕಾಗುವ ಕಟ್ಟಡ ಕಡಿಮೆ.

ಕೆಲಸದ ಕ್ರಮವನ್ನೂ ಸೂಚಿಸುತ್ತೇವೆ. ಡಿಸೆಂಬರಿನೊಳಗೆ ಎರಡು ಇಲಾಖೆಗಳ ಜಂಟಿ ಆದೇಶ. ಜನವರಿಯಲ್ಲಿ ಪ್ರತಿ ವಿಶ್ವವಿದ್ಯಾಲಯ ಮೂರು ಕಾಲೇಜು, ಎರಡು ವಿಷಯ ಆರಿಸಲಿ. ಕಾಲೇಜಿನಿಂದ ಹತ್ತು ಕಿಲೋಮೀಟರಿನೊಳಗೆ ಐಟಿಐ ಅಥವಾ ಜಿಟಿಟಿಸಿ ಇರಲಿ. ಫೆಬ್ರುವರಿ–ಮಾರ್ಚ್‌ನಲ್ಲಿ ಅಧ್ಯಯನ ಮಂಡಳಿ, ವಿದ್ಯಾವಿಷಯಕ ಪರಿಷತ್ತು. ಏಪ್ರಿಲ್‌ನಲ್ಲಿ ಘಟಕಗಳ ಪಟ್ಟಿ, ಸ್ಥಳ ಪರಿಶೀಲನೆ. ಮೇ ತಿಂಗಳ ಪ್ರವೇಶ ಕೈಪಿಡಿಯಲ್ಲಿ, ತರಬೇತಿ ಯಾವ ಸೆಮಿಸ್ಟರಿನಲ್ಲಿ, ಎಲ್ಲಿ, ಸ್ಟೈಪೆಂಡ್ ಎಷ್ಟು, ಮುಂದೆ ಯಾವ ಎಂ.ಎಸ್‌ಸಿ.ಗೆ ಅರ್ಹತೆ ಎಂದು ಕನ್ನಡದಲ್ಲಿ ಅಚ್ಚಾಗಲಿ. ಮೊದಲ ಎರಡು ವರ್ಷ ವಿಶ್ವವಿದ್ಯಾಲಯಕ್ಕೆ 200 ವಿದ್ಯಾರ್ಥಿಗಳಿಗಿಂತ ಹೆಚ್ಚು ಬೇಡ. ದಿನಚರಿ ಪುಸ್ತಕದ ನಮೂನೆ, 24 ವಾರದ ಸರದಿ ಹಾಳೆ, ಘಟಕ ಪರಿಶೀಲನೆಯ ಪಟ್ಟಿ, 60 ಗಂಟೆಯ ಪೂರ್ವ ತರಬೇತಿಯ ಪಾಠ ಇವುಗಳ ಕರಡನ್ನು ಬರೆದುಕೊಡಲು ನಾವು ಸಿದ್ಧರಿದ್ದೇವೆ. ಅಧ್ಯಯನ ಮಂಡಳಿಯ ಸಭೆಗೆ ಅಧ್ಯಾಪಕರ ಜೊತೆ ಒಬ್ಬ ತರಬೇತಿ ಅಧಿಕಾರಿಯನ್ನೂ ಒಬ್ಬ ಶೆಡ್ಡಿನ ಮೇಲ್ವಿಚಾರಕರನ್ನೂ ಕರೆಯಿರಿ. ಸಭೆಯನ್ನು ಭಾನುವಾರ ಇಟ್ಟರೆ ಮೇಲ್ವಿಚಾರಕರು ರಜೆ ಹಾಕದೆ ಬರಬಹುದು.

ಇತಿ,
ಪದವಿ ಅಧ್ಯಾಪಕರು, ಐಟಿಐ ತರಬೇತಿ ಅಧಿಕಾರಿಗಳು ಮತ್ತು ಸಣ್ಣ ಕೈಗಾರಿಕಾ ಘಟಕಗಳ ಮೇಲ್ವಿಚಾರಕರು
ಬೆಂಗಳೂರು